ತಾಳ ಕಡಿಯದ ಹಾಗೆ: ಮನೆಯ ಕಂಪ್ಯೂಟರಿಗೆ ಒಳ್ಳೆಯ ಮ್ಯೂಸಿಕ್ ಪ್ಲೇಯರ್ ಆರಿಸುವುದು ಹೇಗೆ?

ಉಡುಪಿಯ ಕಿನ್ನಿಮುಲ್ಕಿಯಲ್ಲಿ ದೊಡ್ಡಪ್ಪನ ಮನೆ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕಛೇರಿಯ ಸಿಡಿಯೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆ. ಕೃತಿ ಒಂದು ಟ್ರ್ಯಾಕ್, ಅದರ ಬೆನ್ನಿಗೇ ಬರುವ ತನಿ ಆವರ್ತನ ಇನ್ನೊಂದು ಟ್ರ್ಯಾಕ್. ದೊಡ್ಡಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕೃತಿ ಮುಗಿದು ಮೃದಂಗ ಶುರುವಾಗುವ ಜಾಗದಲ್ಲಿ ಅರ್ಧ ಸೆಕೆಂಡು ಏನೂ ಇಲ್ಲ, ಆಮೇಲೆ ಟಕ್ ಎಂದು ಮುಂದಿನ ಟ್ರ್ಯಾಕ್. ಅವರ ಕೈ ಮೇಲೆಯೇ ನಿಂತಿತು.

“ಎಂತ ಮಾರಾಯ, ತಾಳವೇ ಕಡಿದು ಹೋಯ್ತಲ್ಲ! ಸಿಡಿಯಲ್ಲಿ ಹೀಗೆ ಇರಲಿಲ್ಲ.”

“ಸಿಡಿಯದ್ದು ತಪ್ಪಲ್ಲ ದೊಡ್ಡಪ್ಪ, ಪ್ಲೇಯರಿನದ್ದು. ಬದಲಿಸಿ ಕೊಡ್ತೇನೆ.”

ಸ್ಪೀಕರಿಗೆ, ಆಂಪ್ಲಿಫಯರಿಗೆ ಲೆಕ್ಕ ಹಾಕಿ ಹಾಕಿ ದುಡ್ಡು ಕೊಡುತ್ತೇವೆ. ಹಾಡು ಹಾಕುವ ಸಾಫ್ಟ್‌ವೇರ್ ಮಾತ್ರ ಕಂಪ್ಯೂಟರಿನಲ್ಲಿ ಯಾವುದು ಇದೆಯೋ ಅದೇ. ಅದನ್ನು ಸರಿಯಾಗಿ ಆರಿಸಲು ಒಂದು ಭಾನುವಾರ ಸಾಕು. ನಾನು ದೊಡ್ಡಪ್ಪನ ಮನೆಯಲ್ಲಿ ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಫೈಲಿನಲ್ಲಿರುವ ಅಂಕಿಗಳನ್ನು ಮುಟ್ಟದೆ ಹಾಗೆಯೇ ಡ್ಯಾಕ್‌ಗೆ ದಾಟಿಸುವ ಪ್ಲೇಯರುಗಳೆಲ್ಲ ಒಂದೇ ರೀತಿ ಕೇಳಿಸುತ್ತವೆ. ಉಚಿತದ್ದಾಗಲಿ, ದುಡ್ಡಿನದ್ದಾಗಲಿ. ಡ್ಯಾಕ್ ಎಂದರೆ ಅಂಕಿಗಳನ್ನು ಕರೆಂಟಾಗಿ ಮಾಡಿ ಆಂಪ್‌ಗೆ ಕೊಡುವ ಸಣ್ಣ ಪೆಟ್ಟಿಗೆ. ಹಾಗಾಗಿ “ಯಾವ ಪ್ಲೇಯರಿನ ಸೌಂಡ್ ಚೆನ್ನ?” ಎಂದು ಹುಡುಕುತ್ತಾ ಕೂರಬೇಡಿ. “ನನ್ನ ಹತ್ತಿರ ಇರುವ ಸಂಗೀತವನ್ನು ಯಾವುದು ಚೆನ್ನಾಗಿ ನೋಡಿಕೊಳ್ಳುತ್ತದೆ?” ಎಂದು ಕೇಳಿಕೊಳ್ಳಿ.

ಈ ಮಾತು ನನಗೆ ಸುಮ್ನೆ ಬಂದದ್ದಲ್ಲ. “ಇದರಲ್ಲಿ ಸ್ವರ ತೆರೆದುಕೊಳ್ಳುತ್ತದೆ” ಎಂದು ಯಾರೋ ಹೇಳಿದ್ದಕ್ಕೆ ಒಂದು ಪ್ಲೇಯರಿಗೆ ದುಡ್ಡು ಕೊಟ್ಟಿದ್ದೆ. ಮೊದಲ ವಾರ ನಿಜಕ್ಕೂ ಚಂದ ಅನಿಸಿತು. ಆಮೇಲೆ ನೋಡಿದರೆ ಅದರಲ್ಲಿ ಸದ್ದಿನ ಮಟ್ಟ ಏರಿಸುವ ಸೆಟ್ಟಿಂಗ್ ಒಂದು ಮೊದಲೇ ಆನ್ ಆಗಿತ್ತು. ಸ್ವಲ್ಪವೇ ಜಾಸ್ತಿ ಸದ್ದು ಬಂದರೂ ನಮ್ಮ ಕಿವಿಗೆ ಅದು “ಜಾಸ್ತಿ ಚಂದ” ಎಂದೇ ಕೇಳುತ್ತದೆ. ಆ ಸೆಟ್ಟಿಂಗ್ ತೆಗೆದು ಎರಡೂ ಪ್ಲೇಯರುಗಳ ಮಟ್ಟ ಸಮ ಮಾಡಿದೆ. ತಂಗಿ ಕಂಪ್ಯೂಟರಿನ ಎದುರು ಕೂತಳು, ನಾನು ಬೆನ್ನು ಹಾಕಿ ಕೂತೆ. 16 ಸಲ ಯಾವುದು ಎಂದು ಹೇಳಿದೆ. 9 ಸರಿ, 7 ತಪ್ಪು. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. 16ರಲ್ಲಿ 12 ಸರಿ ಬಂದರೆ ಏನೋ ವ್ಯತ್ಯಾಸ ಉಂಟು ಎನ್ನಬಹುದು. ಸುಮ್ಮನೆ ಊಹಿಸುವವನಿಗೆ ಅಷ್ಟು ಸರಿ ಬರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ.

ಮೊದಲು ಏನಿದೆ ಎಂದು ನೋಡಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಮನೆಯಲ್ಲಿ ಏನೇನಿದೆ ಬರೆಯಿರಿ. ದೊಡ್ಡಪ್ಪನ ಹಾಳೆಯಲ್ಲಿ ಇದ್ದದ್ದು: ಸುಮಾರು 200 ಕರ್ನಾಟಕ ಸಂಗೀತದ ಸಿಡಿ, ವಿದ್ಯಾಭೂಷಣರ ದಾಸರ ಪದಗಳು, ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್‌ಗಳು, ಮಗ ಎಂದೋ ಪೆನ್‌ಡ್ರೈವಿನಲ್ಲಿ ಕೊಟ್ಟ ಎಂಪಿ3 ರಾಶಿ, ಮದುವೆಯ ಮನೆಯಲ್ಲಿ ಮೊಬೈಲಿನಲ್ಲಿ ಹಿಡಿದ ನಾಗಸ್ವರ. ಇಂಥ ಸಂಗ್ರಹಕ್ಕೂ, ಬರೀ ಸಿನಿಮಾ ಹಾಡು ಕೇಳುವವರಿಗೂ ಒಂದೇ ಪ್ಲೇಯರ್ ಆಗುವುದಿಲ್ಲ.

ಫೈಲಿನ ಬಗೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಸಿಡಿಯಲ್ಲಿ ಇರುವುದು ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ ಅಂಕಿಗಳು. ಅದನ್ನು ಒಂದಿಷ್ಟೂ ಕಳೆಯದೆ ಮಡಚಿ ಇಡುವುದು ಫ್ಲಾಕ್. ಮಡಚಿದ ಸೀರೆಯನ್ನು ಬಿಚ್ಚಿದರೆ ಅದೇ ಸೀರೆ, ಹಾಗೆ. ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 1 ಟಿಬಿ ಡಿಸ್ಕಿನಲ್ಲಿ 2,500ರಷ್ಟು ಸಿಡಿ ಹಿಡಿಯುತ್ತದೆ. ಎಂಪಿ3ಯಲ್ಲಿ ಕಿವಿಗೆ ಅಷ್ಟಾಗಿ ಕೇಳದ್ದನ್ನು ಕತ್ತರಿಸಿ ಎಸೆದಿರುತ್ತಾರೆ. ಆದರೆ 320 ಕೆಬಿಪಿಎಸ್‌ನ (ಸೆಕೆಂಡಿಗೆ 320 ಕಿಲೋಬಿಟ್) ಒಳ್ಳೆಯ ಎಂಪಿ3ಯನ್ನೂ ಫ್ಲಾಕನ್ನೂ ಬೇರೆ ಮಾಡಿ ಹೇಳುವುದು ಬಹಳ ಕಷ್ಟ. ನನ್ನಿಂದ ಆಗಿಲ್ಲ. ಮತ್ತೆ ಫ್ಲಾಕ್ ಯಾಕೆ? ಅದರಿಂದ ನಾಳೆ ಯಾವ ಬಗೆಗೆ ಬೇಕಾದರೂ ಬದಲಿಸಬಹುದು, ಏನೂ ಕಳೆಯದ ಮೂಲ ನಿಮ್ಮ ಹತ್ತಿರ ಹಾಗೇ ಇರುತ್ತದೆ. ಎಂಪಿ3ಯನ್ನು ಫ್ಲಾಕ್ ಮಾಡಿದರೆ ಮಾತ್ರ ಹೋದದ್ದು ವಾಪಸ್ ಬರುವುದಿಲ್ಲ. ಆ ಕೆಲಸಕ್ಕೆ ಕೈ ಹಾಕಬೇಡಿ.

ಯಾವುದನ್ನು ಇಳಿಸಿಕೊಳ್ಳುವುದು?

ವಿಂಡೋಸ್ ಇದ್ದರೆ ಎರಡು ಉಚಿತ ಪ್ಲೇಯರುಗಳಿಂದ ಶುರು ಮಾಡಿ: ಫೂಬಾರ್2000 ಮತ್ತು ಮ್ಯೂಸಿಕ್‌ಬೀ. ಫೂಬಾರ್ 2002ರಿಂದ ಇದೆ. ನೋಡಲು ಸಾದಾ, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ. ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಆದರೆ ಕೂತು ಕಲಿಯಬೇಕು. ಮ್ಯೂಸಿಕ್‌ಬೀ ಇಳಿಸಿದ ದಿನವೇ ಚಂದ ಕಾಣುತ್ತದೆ. ಆಲ್ಬಂ ಚಿತ್ರಗಳು ಸಾಲಾಗಿ ಬರುತ್ತವೆ, ಸಿಡಿಯಿಂದ ಹಾಡು ತೆಗೆಯುವ ಸೌಲಭ್ಯವೂ ಒಳಗೇ ಉಂಟು. ಮನೆಯಲ್ಲಿ ನಿಮ್ಮ ಹೊರತು ಬೇರೆಯವರೂ ಹಾಡು ಹಾಕುವುದಿದ್ದರೆ ಮ್ಯೂಸಿಕ್‌ಬೀ ಸುಲಭ. ದೊಡ್ಡಪ್ಪನಿಗೆ ನಾನು ಫೂಬಾರ್ ಹಾಕಿದೆ. ಕಾರಣ ಮುಂದೆ ಹೇಳುತ್ತೇನೆ.

ಮ್ಯಾಕ್‌ನಲ್ಲಿ ಬರುವ ಮ್ಯೂಸಿಕ್ ಆ್ಯಪ್ ಫ್ಲಾಕ್ ಹಾಡುವುದಿಲ್ಲ. ಫೂಬಾರ್2000 ಮ್ಯಾಕ್‌ಗೂ ಉಚಿತವಾಗಿ ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ಸ್ಟ್ರಾಬೆರಿ ಅಥವಾ ಡೆಡ್‌ಬೀಫ್ ಒಳ್ಳೆಯದು. ಸ್ಟ್ರಾಬೆರಿಯಲ್ಲಿ ಔಟ್‌ಪುಟ್ ಆಲ್ಸಾ (ಲಿನಕ್ಸಿನ ಸದ್ದಿನ ವ್ಯವಸ್ಥೆ) ಎಂದು ಇಟ್ಟು, ಡ್ಯಾಕನ್ನು ನೇರವಾಗಿ ಆರಿಸಿದರೆ ನಡುವೆ ಯಾರೂ ಕೈ ಆಡಿಸುವುದಿಲ್ಲ. ಮೂಲೆಯಲ್ಲಿ ಕೂತಿರುವ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಅದಕ್ಕೆ ಮೂಡ್ ಅಥವಾ ವೊಲ್ಯುಮಿಯೊ ಹಾಕಿ. ಮೊಬೈಲಿನಿಂದಲೇ ನಡೆಸಬಹುದು.

ದುಡ್ಡಿನವುಗಳಲ್ಲಿ ಜೆರಿವರ್ ಮೀಡಿಯಾ ಸೆಂಟರ್, ಔಡಿರ್ವಾನಾ, ರೂನ್ ಹೆಸರು ಕೇಳಿರುತ್ತೀರಿ. ರೂನ್ ಅನ್ನು 2023ರಲ್ಲಿ ಹರ್ಮನ್ ಕಂಪೆನಿ ಕೊಂಡಿತು. ಇಡೀ ಮನೆಯ ಬೇರೆ ಬೇರೆ ಕೋಣೆಗಳಿಗೆ ಹಾಡು ಕಳಿಸಬೇಕು, ಕಲಾವಿದರ ಬಗ್ಗೆ ಓದುತ್ತಾ ಕೇಳಬೇಕು ಎನ್ನುವವರಿಗೆ ಅದು ನಿಜಕ್ಕೂ ಸೊಗಸು. ಆದರೆ ಅದರ ಸೊಗಸೆಲ್ಲ ಆಲ್ಬಂಗಳನ್ನು ಗುರುತು ಹಿಡಿಯುವುದರಲ್ಲಿ ಇದೆ. ಮೂವತ್ತು ವರ್ಷದ ಹಿಂದೆ ಬಯಲಿನ ರಂಗಸ್ಥಳದ ಎದುರು ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಪ್ರಸಂಗವನ್ನು ಅದು ಎಲ್ಲಿಂದ ಗುರುತಿಸಬೇಕು? ನಮ್ಮಂಥ ಸಂಗ್ರಹಕ್ಕೆ ಆ ದುಡ್ಡನ್ನು ಡ್ಯಾಕಿಗೋ ಸ್ಪೀಕರಿಗೋ ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ವಿಎಲ್‌ಸಿ ಬಗ್ಗೆಯೂ ಕೇಳುತ್ತೀರಿ. ಯಾವ ಫೈಲ್ ಕೊಟ್ಟರೂ ತೆರೆಯುವ ಪ್ಲೇಯರ್, ಸಿನಿಮಾ ನೋಡಲು ಬಹಳ ಒಳ್ಳೆಯದು. ಆದರೆ ಅದರ 3ನೇ ಆವೃತ್ತಿಯಲ್ಲಿ ಒಂದು ಟ್ರ್ಯಾಕಿಂದ ಇನ್ನೊಂದಕ್ಕೆ ಹೋಗುವಾಗ ಸಣ್ಣ ಖಾಲಿ ಬರುತ್ತದೆ. ದೊಡ್ಡಪ್ಪನ ತಾಳ ಕಡಿದದ್ದು ಅಲ್ಲೇ.

ದಾರಿ ಸರಿ ಮಾಡುವುದು

ಸಾಮಾನ್ಯವಾಗಿ ವಿಂಡೋಸ್ ಏನು ಮಾಡುತ್ತದೆ ಗೊತ್ತಾ? ಬೆಳಿಗ್ಗೆ ಡೈರಿಯಲ್ಲಿ ಎಲ್ಲರ ಮನೆಯ ಹಾಲನ್ನೂ ಒಂದೇ ಕ್ಯಾನಿಗೆ ಸುರಿಯುತ್ತಾರಲ್ಲ, ಹಾಗೆ ಎಲ್ಲ ಆ್ಯಪ್‌ಗಳ ಸದ್ದನ್ನೂ ಒಟ್ಟು ಮಾಡುತ್ತದೆ. ಒಟ್ಟು ಮಾಡಲು ಎಲ್ಲವೂ ಒಂದೇ ಅಳತೆಯಲ್ಲಿ ಇರಬೇಕು. ಆ ಅಳತೆ 48,000 ಎಂದು ಇದ್ದರೆ, ನಿಮ್ಮ ಸಿಡಿಯ 44,100 ಅನ್ನು ಹೊಸದಾಗಿ ಲೆಕ್ಕ ಹಾಕಿ 48,000 ಮಾಡುತ್ತದೆ. ವ್ಯತ್ಯಾಸ ದೊಡ್ಡದೇನಲ್ಲ. ಆದರೂ ಬೇಡದ ಕೆಲಸ, ಅಲ್ವಾ? ಅದನ್ನು ತಪ್ಪಿಸುವ ದಾರಿ ವಿಂಡೋಸ್‌ನಲ್ಲೇ ಇದೆ, ವಿಸ್ಟಾ ಬಂದಾಗಿನಿಂದ. ಅದರ ಹೆಸರು ವಾಸಾಪಿ ಎಕ್ಸ್‌ಕ್ಲೂಸಿವ್. ಪ್ಲೇಯರ್ ಆಡುವಷ್ಟು ಹೊತ್ತು ಡ್ಯಾಕ್ ಬೇರೆ ಯಾರಿಗೂ ಇಲ್ಲ.

ಫೂಬಾರ್‌ನಲ್ಲಿ ಹೀಗೆ ಮಾಡಿ. ಡ್ಯಾಕನ್ನು ಯುಎಸ್‌ಬಿಗೆ ಸಿಕ್ಕಿಸಿ ಆನ್ ಮಾಡಿ. ಫೈಲ್ ಮೆನುವಿನಿಂದ ಪ್ರಿಫರೆನ್ಸಸ್, ಅಲ್ಲಿಂದ ಪ್ಲೇಬ್ಯಾಕ್, ಅದರ ಕೆಳಗೆ ಔಟ್‌ಪುಟ್. ಡಿವೈಸ್ ಪಟ್ಟಿಯಲ್ಲಿ ನಿಮ್ಮ ಡ್ಯಾಕಿನ ಹೆಸರು ಎರಡು ಸಲ ಕಾಣುತ್ತದೆ. ಎಕ್ಸ್‌ಕ್ಲೂಸಿವ್ ಎಂದು ಬರೆದದ್ದನ್ನು ಆರಿಸಿ. ಕೆಳಗೆ ಔಟ್‌ಪುಟ್ 24 ಬಿಟ್ ಮಾಡಿ. 16 ಬಿಟ್ ಸಿಡಿಗೆ 24 ಯಾಕೆ ಎಂದರೆ, ಪ್ಲೇಯರಿನಲ್ಲಿ ಸ್ವಲ್ಪ ಸದ್ದು ಇಳಿಸಿದರೂ ಅಂಕಿಗಳಿಗೆ ಜಾಗ ಉಳಿದಿರುತ್ತದೆ. ಬಫರ್ (ಮುಂಚೆಯೇ ತುಂಬಿಟ್ಟುಕೊಳ್ಳುವ ಸಂಗೀತ) 1000 ಮಿಲಿಸೆಕೆಂಡ್ ಎಂದು ಇದ್ದರೆ ಹಾಗೇ ಬಿಡಿ. ಎಕ್ಸ್‌ಕ್ಲೂಸಿವ್ ಆರಿಸಿದ ಮೇಲೆ ಎರರ್ ಬಂದರೆ, ವಿಂಡೋಸ್‌ನ ಸೌಂಡ್ ಸೆಟ್ಟಿಂಗಿಗೆ ಹೋಗಿ ಡ್ಯಾಕಿನ ಅಡ್ವಾನ್ಸ್‌ಡ್ ಪುಟದಲ್ಲಿ ಆ್ಯಪ್‌ಗಳಿಗೆ ಎಕ್ಸ್‌ಕ್ಲೂಸಿವ್ ಹಿಡಿತ ಕೊಡುವ ಜಾಗಕ್ಕೆ ಟಿಕ್ ಹಾಕಿ. ಆಡಿಯೊ ಎನ್‌ಹಾನ್ಸ್‌ಮೆಂಟ್ ಎಂಬುದು ಆನ್ ಇದ್ದರೆ ಆಫ್ ಮಾಡಿ.

ಮ್ಯೂಸಿಕ್‌ಬೀಯಲ್ಲಿ ಪ್ರಿಫರೆನ್ಸಸ್ ಒಳಗಿನ ಪ್ಲೇಯರ್ ಪುಟದಲ್ಲಿ ಇದೇ ಆಯ್ಕೆ ಸಿಗುತ್ತದೆ.

ಸರಿಯಾಯಿತಾ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಹಾಡು ಹಾಕಿ, ಜೊತೆಗೇ ಬ್ರೌಸರಿನಲ್ಲಿ ಒಂದು ವಿಡಿಯೊ ಓಡಿಸಿ. ವಿಡಿಯೊದ ಸದ್ದು ಸ್ಪೀಕರಿನಲ್ಲಿ ಬರದಿದ್ದರೆ ದಾರಿ ನಿಮ್ಮದೇ. ಡ್ಯಾಕಿನ ಮೇಲೆ ಅಂಕಿ ತೋರಿಸುವ ಪರದೆ ಇದ್ದರೆ ಇನ್ನೂ ಒಳ್ಳೆಯದು. ಸಿಡಿಯಿಂದ ತೆಗೆದ ಫೈಲಿಗೆ 44.1 ಎಂದೂ, 96 ಕಿಲೋಹರ್ಟ್ಸ್ ಫೈಲಿಗೆ 96 ಎಂದೂ ತಾನೇ ಬದಲಾಗಬೇಕು. ಯಾವ ಹಾಡಿಗೂ 48ರಲ್ಲೇ ನಿಂತಿದ್ದರೆ ನಡುವೆ ಯಾರೋ ಲೆಕ್ಕ ಬದಲಿಸುತ್ತಿದ್ದಾರೆ. ಮೂರನೆಯದು ತಾಳದ ಪರೀಕ್ಷೆ. ಟ್ರ್ಯಾಕ್ ಬದಲಾದರೂ ಸಂಗೀತ ನಿಲ್ಲದ ಒಂದು ಕಛೇರಿಯನ್ನೋ ತಾಳಮದ್ದಳೆಯನ್ನೋ ಹಾಕಿ, ಆ ಸಂದಿಯಲ್ಲಿ ಕೈಯಲ್ಲಿ ತಾಳ ಹಾಕಿ ನೋಡಿ.

ಡ್ಯಾಕ್ ಇನ್ನೂ ಇಲ್ಲದವರು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದಲೇ ಆಂಪ್‌ಗೆ ಕೊಡಬಹುದು. ಗುಯ್ ಎಂದು ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಅದು ಅರ್ಥಿಂಗಿನ ತಕರಾರು, ಯಾವ ಪ್ಲೇಯರ್ ಹಾಕಿದರೂ ಹೋಗುವುದಿಲ್ಲ.

ಏರುಪೇರು ಸದ್ದು

ಹಳೆಯ ಕ್ಯಾಸೆಟ್ಟಿನ ಪದ ಮುಗಿದು ಹೊಸ ಸಿನಿಮಾ ಹಾಡು ಬಂದರೆ ಓಡಿ ಹೋಗಿ ವಾಲ್ಯೂಮ್ ಇಳಿಸಬೇಕು. ಇದಕ್ಕೆ ರಿಪ್ಲೇಗೇನ್ ಎಂಬ ಸೌಲಭ್ಯ ಇದೆ. ಪ್ರತಿ ಹಾಡು ಎಷ್ಟು ಜೋರು ಎಂದು ಅಳೆದು ಆ ಸಂಖ್ಯೆಯನ್ನು ಟ್ಯಾಗಿನಲ್ಲಿ, ಅಂದರೆ ಫೈಲಿನೊಳಗೆ ಹಾಡಿನ ಹೆಸರು, ವಿವರ ಇರುವ ಜಾಗದಲ್ಲಿ ಬರೆದಿಡುತ್ತದೆ. ಸಂಗೀತವನ್ನು ಮುಟ್ಟುವುದಿಲ್ಲ. ಫೂಬಾರ್‌ನಲ್ಲಿ ಹಾಡುಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಕಛೇರಿಯ ಆಲ್ಬಂ ಕೇಳುವಾಗ ಆಲ್ಬಂ ಗೇನ್ ಇಡಿ. ಟ್ರ್ಯಾಕ್ ಗೇನ್ ಇಟ್ಟರೆ ಮೆಲ್ಲಗೆ ನುಡಿಸಿದ ಆಲಾಪನೆಯೂ ತನಿಯಷ್ಟೇ ಜೋರಾಗಿ ಕಛೇರಿಯ ಏರಿಳಿತವೇ ಹೋಗುತ್ತದೆ. ಬೇರೆ ಬೇರೆ ಹಾಡುಗಳನ್ನು ಕಲಸಿ ಕೇಳುವ ದಿನಕ್ಕೆ ಟ್ರ್ಯಾಕ್ ಗೇನ್ ಸರಿ.

ಹೆಸರು ಹಚ್ಚುವುದು, ಇದೇ ದೊಡ್ಡ ಕೆಲಸ

ಇಲ್ಲಿಯವರೆಗಿನದ್ದು ಒಂದು ಗಂಟೆಯ ಕೆಲಸ. ಇನ್ನು ಹೇಳುವುದಕ್ಕೆ ವಾರಗಟ್ಟಲೆ ಬೇಕು. ಪ್ಲೇಯರಿನ ನಿಜವಾದ ಯೋಗ್ಯತೆ ಗೊತ್ತಾಗುವುದೂ ಇಲ್ಲೇ.

ವಿದೇಶದವರು ಮಾಡಿದ ಪ್ಲೇಯರುಗಳಿಗೆ ಗೊತ್ತಿರುವುದು ಹಾಡುಗಾರ, ಆಲ್ಬಂ, ಹಾಡು ಈ ಮೂರು. ದೊಡ್ಡಪ್ಪ ಕೇಳುವುದು ಹಾಗಲ್ಲ. “ಇವತ್ತು ಕಲ್ಯಾಣಿ ಕೇಳುವ, ಯಾರದ್ದಾದರೂ ಆದೀತು” ಎನ್ನುತ್ತಾರೆ. “ಮೃದಂಗ ಯಾರು ಬಾರಿಸಿದ್ದು?” ಎಂದು ಕೇಳುತ್ತಾರೆ. ಯಕ್ಷಗಾನವಾದರೆ ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆ, ತೆಂಕೋ ಬಡಗೋ ಎಂಬುದೂ ಬೇಕು. ಇವಕ್ಕೆಲ್ಲ ಹೊಸ ಕಾಲಂ ಮಾಡಿಕೊಳ್ಳಲು ಫೂಬಾರ್ ಬಿಡುತ್ತದೆ. ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಹೊಸ ಫೀಲ್ಡ್ ಸೇರಿಸಿ ಅದಕ್ಕೆ ರಾಗ ಎಂದು ಹೆಸರಿಡಬಹುದು. ಎಷ್ಟು ಫೀಲ್ಡ್ ಬೇಕಾದರೂ ಮಾಡಬಹುದು. ಅದು ಫೈಲಿನೊಳಗೇ ಉಳಿಯುತ್ತದೆ, ಪ್ಲೇಯರ್ ಬದಲಿಸಿದರೂ ಮಾಹಿತಿ ಹೋಗುವುದಿಲ್ಲ. ದೊಡ್ಡಪ್ಪನಿಗೆ ಫೂಬಾರ್ ಹಾಕಿದ್ದು ಇದಕ್ಕೇ. ಮ್ಯೂಸಿಕ್‌ಬೀಯಲ್ಲೂ ಹೊಸ ಟ್ಯಾಗ್ ಮಾಡಬಹುದು, ಆದರೆ ಸಂಖ್ಯೆಗೆ ಮಿತಿ ಇದೆ.

ಕನ್ನಡದಲ್ಲಿ ಬರೆಯಲೋ ಇಂಗ್ಲಿಷಿನಲ್ಲೋ? ಕನ್ನಡದಲ್ಲೇ ಬರೆಯಿರಿ. ಈ ಪ್ಲೇಯರುಗಳೆಲ್ಲ ಯೂನಿಕೋಡ್ ಓದುತ್ತವೆ. ಫ್ಲಾಕ್ ಫೈಲಿಗೆ ಏನೂ ತೊಂದರೆ ಇಲ್ಲ. ಎಂಪಿ3ಯಲ್ಲಿ ಮಾತ್ರ ಟ್ಯಾಗಿನ ಬಗೆಯನ್ನು ಐಡಿ3ವಿ2 ಎಂದು ಇಡಿ. ಹಳೆಯ ಐಡಿ3ವಿ1ರಲ್ಲಿ ಒಂದು ಹೆಸರಿಗೆ 30 ಬೈಟ್ ಮಾತ್ರ ಜಾಗ, ಕನ್ನಡಕ್ಕೆ ಅದು ಆಗದು. ಹಿಂದೆ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಈಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಬದಲಿಸಿಯೇ ಹಾಕಬೇಕು. ರಾಶಿ ಫೈಲುಗಳಿದ್ದರೆ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರ್ ಒಟ್ಟಿಗೇ ತಿದ್ದಲು ಅನುಕೂಲ.

ಕನ್ನಡದಲ್ಲಿ ಟ್ಯಾಗ್ ಮಾಡುವಾಗ ಒಂದು ಕಡೆ ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ. ಗೋಪಾಲನಾಥ್ ಎಂದು ಹುಡುಕಿದರೆ ಅರ್ಧ ಹಾಡುಗಳು ಮಾತ್ರ ಬರುತ್ತಿದ್ದವು. ನೋಡಿದರೆ ಉಳಿದ ಅರ್ಧದಲ್ಲಿ ಗೋಪಾಲ್‌ನಾಥ್ ಎಂದು ಇತ್ತು. ಅದನ್ನು ತಿದ್ದಿದೆ. ಇನ್ನೂ ನಾಲ್ಕು ಬರಲಿಲ್ಲ. ಆ ನಾಲ್ಕರಲ್ಲಿ ಕಣ್ಣಿಗೆ ಎಲ್ಲವೂ ಸರಿ. ಕೊನೆಗೆ ಗೊತ್ತಾದದ್ದು, ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿತ್ತು. ಒತ್ತಕ್ಷರ ಆಗದ ಹಾಗೆ ತಡೆಯಲು ಕೀಬೋರ್ಡ್ ಹಾಕುವ ಅಗಲವಿಲ್ಲದ ಅಕ್ಷರ ಅದು. ಕಂಪ್ಯೂಟರಿಗೆ ಅದೂ ಒಂದು ಅಕ್ಷರವೇ, ಹಾಗಾಗಿ ಅದಕ್ಕೆ ಇದು ಬೇರೆ ಮನುಷ್ಯ. ಆದ್ದರಿಂದ ಕಲಾವಿದರ ಹೆಸರು, ರಾಗದ ಹೆಸರು ಇವನ್ನು ಒಂದು ಫೈಲಿನಲ್ಲಿ ಒಮ್ಮೆ ಸರಿಯಾಗಿ ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿ ಸಲವೂ ಅಲ್ಲಿಂದಲೇ ಕಾಪಿ ಮಾಡಿ. ಟೈಪ್ ಮಾಡಲು ಹೋಗಬೇಡಿ.

ದೊಡ್ಡಪ್ಪ ದಿನಕ್ಕೆ ಐದು ಸಿಡಿ ಎಂದು ಲೆಕ್ಕ ಇಟ್ಟುಕೊಂಡು ಕೂತರು. ರಾಗ ಅವರು ಹೇಳಿದ್ದು, ಕಾಪಿ ಮಾಡಿದ್ದು ನಾನು. ಸಿಡಿಯ ಹಿಂದೆ ಅಚ್ಚಾದ ರಾಗದ ಹೆಸರೇ ತಪ್ಪು ಎಂದು ಎರಡು ಕಡೆ ತಿದ್ದಿಸಿದರು. ಇಂಥದ್ದು ಯಾವ ಡೇಟಾಬೇಸಿನಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಹೀಗೆ ಕೇಳಿ ಹೇಳುವ ಹಿರಿಯರಿದ್ದರೆ ಈ ಕೆಲಸವನ್ನು ಮುಂದೂಡಬೇಡಿ.

ಸಿಡಿ, ಕ್ಯಾಸೆಟ್, ಮಳೆ

ನಮ್ಮ ಕರಾವಳಿಯ ಮಳೆಗಾಲದಲ್ಲಿ ಸಿಡಿಗೂ ಬೂಸ್ಟು ಬರುತ್ತದೆ, ಕ್ಯಾಸೆಟ್ಟಿಗಂತೂ ಕೇಳುವುದೇ ಬೇಡ. ಸಿಡಿಯನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಅದರಿಂದ ಹಾಡನ್ನು ಕಂಪ್ಯೂಟರಿಗೆ ತೆಗೆಯಲು ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಸಾಫ್ಟ್‌ವೇರ್ ಅಥವಾ ಮ್ಯೂಸಿಕ್‌ಬೀ ಬಳಸಿ. ಎರಡೂ ಅಕ್ಯುರೇಟ್‌ರಿಪ್ ಎಂಬ ಪಟ್ಟಿಯ ಜೊತೆ ಹೋಲಿಸಿ, ಬೇರೆಯವರು ತೆಗೆದ ಅದೇ ಸಿಡಿಗೂ ನಿಮ್ಮದಕ್ಕೂ ತಾಳೆ ಇದೆಯಾ ಎಂದು ಹೇಳುತ್ತವೆ. ಊರಿನ ಸಣ್ಣ ಕಂಪೆನಿಗಳ ಸಿಡಿ ಆ ಪಟ್ಟಿಯಲ್ಲಿ ಇರುವುದು ಕಡಿಮೆ. ಆಗ ಎರಡು ಸಲ ತೆಗೆದು ಎರಡೂ ಒಂದೇ ಬಂತಾ ನೋಡಿ.

ಕ್ಯಾಸೆಟ್ಟಿಗೆ ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ (ಸದ್ದನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ) ಕೊಟ್ಟು, ಒಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು ಹಿಡಿಯಿರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಬೇಡಿ. ಹಿಸ್ ಸದ್ದನ್ನು ಪೂರ್ತಿ ತೆಗೆಯಲು ಹೋದರೆ ಚೆಂಡೆಯ ಚೂಪೂ ಹೋಗುತ್ತದೆ. ಹಿಡಿದದ್ದನ್ನು ಹಾಗೇ ಒಂದು ಪ್ರತಿ ಇಟ್ಟುಕೊಂಡು, ತಿದ್ದುವುದನ್ನು ಇನ್ನೊಂದರಲ್ಲಿ ಮಾಡಿ.

ಎಲ್ಲದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ದೊಡ್ಡಪ್ಪನದ್ದು ಮಂಗಳೂರಿನಲ್ಲಿ ಮಗಳ ಮನೆಯ ಕಪಾಟಿನಲ್ಲಿ ಇದೆ. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲೂ, ಮಳೆ ಬಿಡುವ ಅಕ್ಟೋಬರದಲ್ಲೂ ಸಂಜೆಯ ಗುಡುಗು ಜೋರು. ಆಗ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಬದಿಗಿಡಿ, ಇಂಟರ್‌ನೆಟ್ ಕೇಬಲನ್ನೂ.

ಕೊನೆಯದಾಗಿ ಒಂದು ಚೀಟಿ ಬರೆದು ಲ್ಯಾಪ್‌ಟಾಪಿನ ಪಕ್ಕ ಅಂಟಿಸಿ. ದೊಡ್ಡಮ್ಮನಿಗಾಗಿ ನಾನು ಬರೆದದ್ದು ಇಷ್ಟು: “ಮೊದಲು ಕಂಪ್ಯೂಟರ್, ಆಮೇಲೆ ಡ್ಯಾಕ್, ಕೊನೆಗೆ ಆಂಪ್. ಆಫ್ ಮಾಡುವಾಗ ಮೊದಲು ಆಂಪ್. ಡಿವೈಸ್ ಇಲ್ಲ ಎಂದು ಬಂದರೆ ಡ್ಯಾಕ್ ಆನ್ ಇದೆಯಾ ನೋಡಿ. ವಾಲ್ಯೂಮ್ ಆಂಪ್‌ನಲ್ಲಿ ಮಾತ್ರ.” ಅದರ ಕೆಳಗೆ ಈಗ ದೊಡ್ಡಪ್ಪನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿದೆ: “ರಾಗ ಹುಡುಕಲು ಮೇಲಿನ ಬಲಗಡೆ.”